ದತ್ತನ್ನು ಒಪ್ಪುವವರು ಯಾರು? ಮೈಸೂರಿನ ಹಳೇ ಕಥೆ, ಬೈಲಕುಪ್ಪೆಯ ಹೊಸ ಪ್ರಶ್ನೆ

ಅಲಮೇಲಮ್ಮನ ಶಾಪ ಮೈಸೂರಿನವರಿಗೆ ಬಾಯಿಪಾಠ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಶಾಪವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಅರಮನೆಯಲ್ಲಿ ದತ್ತು ಮಾತ್ರ ಮತ್ತೆ ಮತ್ತೆ ನಡೆಯಿತು. ಆದರೆ ಕಥೆ ಹೇಳುವ ಅಜ್ಜಿಯರು ಒಂದು ವಿಷಯ ಹೇಳುತ್ತಿರಲಿಲ್ಲ. ದತ್ತು ತೆಗೆದುಕೊಳ್ಳುವುದು ಸುಲಭ. ಮೇಲೆ ಕೂತವರು ಅದನ್ನು ಒಪ್ಪಬೇಕಲ್ಲ, ಕಷ್ಟ ಇರುವುದು ಅಲ್ಲಿ.

1865ರ ಜೂನ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಎರಡು ವರ್ಷ ದಾಟಿದ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡರು. ಶಾಸ್ತ್ರ ಎಲ್ಲ ಮುಗಿಯಿತು. ಗವರ್ನರ್ ಜನರಲ್ ಜಾನ್ ಲಾರೆನ್ಸ್ ಒಪ್ಪಲಿಲ್ಲ. ಹುಡುಗ ಮಗನಾಗಬಹುದು, ದೊರೆಯ ಸ್ವಂತ ಆಸ್ತಿಗೆ ವಾರಸುದಾರನೂ ಆಗಬಹುದು, ರಾಜ್ಯಕ್ಕೆ ಮಾತ್ರ ಆಗುವಂತಿಲ್ಲ ಎಂಬುದು ಅವರ ನಿಲುವು. ಅರ್ಜಿಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. 1867ರಲ್ಲಿ ಲಂಡನ್ ಒಪ್ಪಿತು. ಮರುವರ್ಷವೇ ಮುಮ್ಮಡಿಯವರು ತೀರಿಕೊಂಡರು. ಆ ಹುಡುಗನೇ ಚಾಮರಾಜೇಂದ್ರ ಒಡೆಯರ್. ಅರಮನೆ ಹತ್ತಿರದ ಸರ್ಕಲ್‌ನಲ್ಲಿ ಮಂಟಪದ ಕೆಳಗೆ ನಿಂತಿರುವುದು ಅವರದೇ ಪ್ರತಿಮೆ.

ನೂರೈವತ್ತು ವರ್ಷದ ಹಿಂದಿನ ಈ ಕಥೆ ಈಗ ನೆನಪಾಗಲು ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿರುವ ಸಾವಿರಾರು ಟಿಬೆಟಿನವರು ಇದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದಾರೆ. ಉತ್ತರಾಧಿಕಾರಿಯನ್ನು ಒಪ್ಪುವ ಅಧಿಕಾರ ಯಾರದ್ದು?

ತೀರಿಕೊಂಡ ದೊಡ್ಡ ಲಾಮಾ, ಅಂದರೆ ಗುರು, ಮತ್ತೆ ಮಗುವಾಗಿ ಹುಟ್ಟುತ್ತಾರೆ, ಆ ಮಗುವನ್ನು ಹುಡುಕಿ ಅದೇ ಪೀಠದಲ್ಲಿ ಕೂರಿಸಬೇಕು ಎಂಬುದು ಟಿಬೆಟಿನವರ ನಂಬಿಕೆ. 2025ರ ಜುಲೈ 2ರಂದು ಅವರ ಧರ್ಮಗುರು ದಲೈಲಾಮಾ ಒಂದು ಹೇಳಿಕೆ ಕೊಟ್ಟರು. ಅವರಿಗೆ 90 ತುಂಬಲು ನಾಲ್ಕು ದಿನ ಬಾಕಿ ಇತ್ತು. ತಮ್ಮ ನಂತರವೂ ದಲೈಲಾಮಾ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾಡೆನ್ ಫೋಡ್ರಂಗ್ ಟ್ರಸ್ಟಿಗೆ ಮಾತ್ರ ಸೇರಿದ್ದು, ಬೇರೆ ಯಾರೂ ಇದರಲ್ಲಿ ತಲೆಹಾಕುವಂತಿಲ್ಲ ಎಂದರು. ಚೀನಾ ಅದೇ ದಿನ ಉತ್ತರ ಕೊಟ್ಟಿತು. ಚಿನ್ನದ ಕಲಶದಿಂದ ಚೀಟಿ ಎತ್ತಬೇಕು, ಬೀಜಿಂಗ್ ಸರ್ಕಾರ ಒಪ್ಪಬೇಕು, ಆಮೇಲಷ್ಟೇ ಅವನು ದಲೈಲಾಮಾ.

ಈ ಚಿನ್ನದ ಕಲಶದ ಮೂಲ 1793ರಲ್ಲಿದೆ. ಆಗಿನ ಚೀನಾ ಚಕ್ರವರ್ತಿ ಚಿಯೆನ್‌ಲಾಂಗ್ ಟಿಬೆಟಿಗೆ ಮಾಡಿದ ಕಟ್ಟಳೆಗಳಲ್ಲಿ ಇದೂ ಒಂದು. ಅಭ್ಯರ್ಥಿ ಮಕ್ಕಳ ಹೆಸರು ಬರೆದು ಕಲಶಕ್ಕೆ ಹಾಕಿ ಒಂದನ್ನು ಎತ್ತುವ ಪದ್ಧತಿ. ಅದನ್ನು ಯಾವಾಗಲೂ ಬಳಸಿದ್ದೇನಿಲ್ಲ. ಈಗಿನ 14ನೇ ದಲೈಲಾಮಾ ಆಯ್ಕೆಯಲ್ಲೇ ಕಲಶ ಇರಲಿಲ್ಲ. ಆದರೂ 2007ರಲ್ಲಿ ಚೀನಾ ಒಂದು ನಿಯಮ ತಂದಿತು. ಸರ್ಕಾರದ ಒಪ್ಪಿಗೆ ಇಲ್ಲದೆ ಯಾವ ಲಾಮಾ ಕೂಡ ಪುನರ್ಜನ್ಮ ಪಡೆಯುವಂತಿಲ್ಲ! ದೇವರನ್ನೇ ನಂಬದ ಪಕ್ಷವೊಂದು ಮರುಜನ್ಮಕ್ಕೆ ಲೈಸೆನ್ಸ್ ಕೊಡುವ ಕಚೇರಿ ತೆರೆದಿದೆ ಎಂದು ಜನ ನಕ್ಕರು. ನಗು ಬರುವುದು ಸಹಜ. ಆದರೆ ಇದನ್ನು ಧರ್ಮದ ವಿಷಯ ಅಂತ ಓದಿದರೆ ಮಾತ್ರ ನಗು. 1865ರ ಮೈಸೂರನ್ನು ಪಕ್ಕದಲ್ಲಿಟ್ಟು ಓದಿದರೆ ಅರ್ಥ ಬೇರೆ. ಲಾರೆನ್ಸ್ ಸಾಹೇಬರಿಗೂ ನಮ್ಮ ಹೋಮ ಹವನದಲ್ಲಿ ನಂಬಿಕೆ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಕೊನೆಯ ಮಾತು. ಮುಂದಿನವರು ಯಾರು ಎಂದು ಹೇಳುವ ಹಕ್ಕು ಯಾರ ಕೈಯಲ್ಲಿದೆಯೋ ಆ ನೆಲ ಅವರದ್ದು. ಸಾರ್ವಭೌಮತ್ವ ಎಂಬ ದೊಡ್ಡ ಪದದ ಒಳಗೆ ಇರುವುದು ಬಹುಪಾಲು ಇಷ್ಟೇ.

ಬೈಲಕುಪ್ಪೆಗೆ ಇದು ಎಷ್ಟು ಹತ್ತಿರದ ವಿಷಯ ಅಂತ ಗೊತ್ತಾಗಬೇಕಾದರೆ ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು ವಾಪಸ್ ಬಂದರೆ ಸಾಲದು. ನಾವೆಲ್ಲ ಮಾಡುವುದು ಅದನ್ನೇ. ಮಡಿಕೇರಿಗೆ ಹೋಗುವ ದಾರಿಯಲ್ಲಿ ಒಂದು ಗಂಟೆ ಇಳಿದು ಫೋಟೊ ತೆಗೆದುಕೊಳ್ಳುತ್ತೇವೆ. ಅದೇ ಊರಲ್ಲಿ ತಾಶಿ ಲುನ್ಪೊ ಅಂತ ಇನ್ನೊಂದು ಮಠ ಇದೆ. ಪ್ರವಾಸಿಗಳು ಅಷ್ಟಾಗಿ ಹೋಗುವುದಿಲ್ಲ. ಅದರ ಮೂಲ ಮಠ ಟಿಬೆಟಿನ ಶಿಗಾಟ್ಸೆಯಲ್ಲಿದೆ. 1447ರಲ್ಲಿ ಕಟ್ಟಿಸಿದವರು ಮೊದಲನೇ ದಲೈಲಾಮಾ. ಟಿಬೆಟಿನವರಲ್ಲಿ ದಲೈಲಾಮಾ ಬಿಟ್ಟರೆ ದೊಡ್ಡ ಸ್ಥಾನ ಪಂಚೆನ್ ಲಾಮಾ ಅವರದ್ದು. ಅವರ ಪೀಠ ಅದು.

1995ರ ಮೇ ತಿಂಗಳಲ್ಲಿ ದಲೈಲಾಮಾ ಆರು ವರ್ಷದ ಒಬ್ಬ ಹುಡುಗನನ್ನು ಹೊಸ ಪಂಚೆನ್ ಲಾಮಾ ಎಂದು ಗುರುತಿಸಿದರು. ಹೆಸರು ಗೆಧುನ್ ಚೋಕಿ ನ್ಯಿಮಾ. ಮೂರು ದಿನದಲ್ಲಿ ಹುಡುಗನನ್ನೂ ಅವನ ಮನೆಯವರನ್ನೂ ಚೀನಾ ಕರೆದುಕೊಂಡು ಹೋಯಿತು. ಅವನು ಚೆನ್ನಾಗಿದ್ದಾನೆ, ಓದಿ ಕೆಲಸದಲ್ಲಿದ್ದಾನೆ ಎಂದು ಚೀನಾ ಹೇಳುತ್ತದೆ. ಹೊರಗಿನ ಯಾರಿಗೂ ತೋರಿಸಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಟಿಬೆಟಿನ ರಾಜಧಾನಿ ಲಾಸಾದಲ್ಲಿ ಚಿನ್ನದ ಕಲಶ ಹೊರಬಂತು, ಇನ್ನೊಬ್ಬ ಹುಡುಗನ ಹೆಸರು ಬಂತು. ಈಗ ಎರಡು ಪಂಚೆನ್ ಲಾಮಾ. ಒಬ್ಬರು ಕಾಣುತ್ತಾರೆ, ಟಿಬೆಟಿನವರು ನಂಬುವುದಿಲ್ಲ. ಇನ್ನೊಬ್ಬರನ್ನು ನಂಬುತ್ತಾರೆ, ಅವರು ಕಾಣುವುದಿಲ್ಲ. ಕೆಂಪು ಕೆನ್ನೆಯ ಪುಟ್ಟ ಹುಡುಗನ ಒಂದೇ ಒಂದು ಹಳೇ ಫೋಟೊ ಟಿಬೆಟಿನವರ ಮಠಗಳಲ್ಲಿ ಇವತ್ತಿಗೂ ಇರುತ್ತದೆ. 1989ರಲ್ಲಿ ಹುಟ್ಟಿದವರು. ಫೋಟೊದಲ್ಲಿ ಮಾತ್ರ ಆರೇ ವರ್ಷ.

2025ರ ಜನವರಿಯಲ್ಲಿ ದಲೈಲಾಮಾ ಬೈಲಕುಪ್ಪೆಗೆ ಬಂದಾಗ ಉಳಿದುಕೊಂಡದ್ದು ಇದೇ ತಾಶಿ ಲುನ್ಪೊ ಮಠದಲ್ಲಿ. ಬಂದು ಎರಡು ದಿನಕ್ಕೆ, ಜನವರಿ 7ರಂದು, ಟಿಬೆಟಿನಲ್ಲಿ ದೊಡ್ಡ ಭೂಕಂಪ ಆಯಿತು. ಆದದ್ದು ಆ ಶಿಗಾಟ್ಸೆ ಪ್ರದೇಶದಲ್ಲೇ. ಮೂಲ ಮಠ ಇರುವ ನೆಲ ನಡುಗಿತು. ಅದಕ್ಕೆ ಪ್ರಾರ್ಥನೆ ನಡೆದದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ.

ರಾಷ್ಟ್ರ ಅಂದರೆ ಏನು, ರಾಜ್ಯಾಧಿಕಾರ ಅಂದರೆ ಏನು ಎಂದು ಯೋಚಿಸುವಾಗ ನನಗೆ ಮೈಸೂರು ಮತ್ತು ಟಿಬೆಟ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಉಪಯೋಗಕ್ಕೆ ಬಂದಿದೆ. ಒಂದು ಇನ್ನೊಂದರ ತಿರುಗುಮುರುಗು.

ಮೈಸೂರು ನೋಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಐದು ವರ್ಷದ ಹುಡುಗನನ್ನು ಸಿಂಹಾಸನದಲ್ಲಿ ಕೂರಿಸಿ ಈಸ್ಟ್ ಇಂಡಿಯಾ ಕಂಪನಿ ಒಪ್ಪಂದ ಮಾಡಿಸಿತು. ವರ್ಷಕ್ಕೆ 7 ಲಕ್ಷ ಪಗೋಡ ಕಪ್ಪ, ಪರರಾಜ್ಯಗಳ ಜೊತೆ ಸ್ವಂತವಾಗಿ ವ್ಯವಹರಿಸುವಂತಿಲ್ಲ. ಆ ಹುಡುಗನೇ ಮುಂದೆ ದತ್ತಿಗಾಗಿ ಪರದಾಡಿದ ಮುಮ್ಮಡಿ. 1831ರಲ್ಲಿ ಆಡಳಿತವನ್ನೂ ಕಿತ್ತುಕೊಂಡರು. 50 ವರ್ಷ ಕಮಿಷನರುಗಳು ಆಳಿದರು. 1881ರಲ್ಲಿ ವಾಪಸ್ ಕೊಡುವಾಗ ಷರತ್ತುಗಳ ಪಟ್ಟಿಯೇ ಬಂತು. ಹೊಸ ಕೋಟೆ ಕಟ್ಟಬಾರದು. ಸ್ವಂತ ನಾಣ್ಯ ಮತ್ತೆ ಹೊರಡಿಸಬಾರದು. ಬ್ರಿಟಿಷ್ ಸರ್ಕಾರ ಬೇಡವೆಂದರೆ ಉಪ್ಪು ಮಾಡಬಾರದು. ವರ್ಷಕ್ಕೆ 35 ಲಕ್ಷ ರೂಪಾಯಿ ಕೊಡಬೇಕು. ಇಷ್ಟೆಲ್ಲ ಆದಮೇಲೆ ಗೌರವಕ್ಕೆ ಕಡಿಮೆ ಇರಲಿಲ್ಲ. ಮಹಾರಾಜರಿಗೆ 21 ಕುಶಾಲು ತೋಪು. ಇಡೀ ಇಂಡಿಯಾದಲ್ಲಿ ಅಷ್ಟು ತೋಪು ಹಾರಿಸುತ್ತಿದ್ದದ್ದು ಐದೇ ಸಂಸ್ಥಾನಗಳಿಗೆ. ತೋಪು 21, ಸ್ವಂತದ ಒಂದು ಕಾಸಿಲ್ಲ. (ನಾಣ್ಯ ಹೊರಡಿಸಬಾರದು ಎಂದ ಅದೇ ಮೈಸೂರಿನಲ್ಲಿ 1996ರಿಂದ ರಿಸರ್ವ್ ಬ್ಯಾಂಕಿನ ನೋಟು ಅಚ್ಚಾಗುತ್ತಿದೆ. ಇತಿಹಾಸಕ್ಕೆ ಹಾಸ್ಯಪ್ರಜ್ಞೆ ಇದೆ.)

ಈಗ ಟಿಬೆಟ್ ನೋಡಿ. 1912ರಲ್ಲಿ ಚೀನಾದ ಚಕ್ರವರ್ತಿ ವಂಶ ಬಿದ್ದಮೇಲೆ ಸುಮಾರು 40 ವರ್ಷ ಲಾಸಾ ತನ್ನ ಪಾಡಿಗೆ ತಾನು ಆಳಿಕೊಂಡಿತ್ತು. ಸ್ವಂತ ಸೈನ್ಯ ಇತ್ತು. ಸ್ವಂತ ನಾಣ್ಯ, ನೋಟು, ಅಂಚೆಚೀಟಿ ಇತ್ತು. 1940ರ ದಶಕದಲ್ಲಿ ಒಂದು ವ್ಯಾಪಾರ ನಿಯೋಗ ಸ್ವಂತ ಪಾಸ್‌ಪೋರ್ಟ್ ಹಿಡಿದು ಅಮೆರಿಕ, ಇಂಗ್ಲೆಂಡ್‌ಗೆ ಹೋಗಿಬಂದಿತ್ತು. ಮೈಸೂರಿಗೆ ಇಲ್ಲದ್ದೆಲ್ಲ ಅವರ ಹತ್ತಿರ ಇತ್ತು. ಇಲ್ಲದಿದ್ದದ್ದು ಒಂದೇ, ತೋಪು. ಅಂದರೆ ದೊಡ್ಡ ದೇಶಗಳ ಮನ್ನಣೆ. 1950ರಲ್ಲಿ ಚೀನಾದ ಸೈನ್ಯ ಒಳಗೆ ಬಂದಾಗ ಟಿಬೆಟ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಚರ್ಚೆ ಆಗಲಿ ಎಂದು ಕೇಳಿದ ದೇಶ ಯಾವುದು ಗೊತ್ತಾ? ಎಲ್ ಸಾಲ್ವಡಾರ್. ಮಧ್ಯ ಅಮೆರಿಕದ ಪುಟ್ಟ ದೇಶ. ಪಕ್ಕದ ನಾವೂ, ಟಿಬೆಟಿನ ಜೊತೆ ಒಪ್ಪಂದ ಮಾಡಿಕೊಂಡಿದ್ದ ಬ್ರಿಟನ್ನೂ, ಸದ್ಯಕ್ಕೆ ಬೇಡ, ಮಾತುಕತೆಯಲ್ಲಿ ಬಗೆಹರಿಯಬಹುದು ಎಂದೆವು. ವಿಷಯ ಅಲ್ಲಿಗೇ ನಿಂತಿತು.

ಚೀನಾದ ವಾದವನ್ನೂ ಹೇಳಬೇಕು. ಟಿಬೆಟ್ 13ನೇ ಶತಮಾನದ ಯುವಾನ್ ರಾಜವಂಶದ ಕಾಲದಿಂದ ತನ್ನ ಭಾಗ, ಆ 40 ವರ್ಷ ಕೇಂದ್ರ ಸರ್ಕಾರ ದುರ್ಬಲವಾಗಿದ್ದ ಕಾಲ ಅಷ್ಟೇ, 1959ರಲ್ಲಿ ತಾನು ಅಲ್ಲಿನ ಜೀತದವರನ್ನು ಬಿಡಿಸಿದೆ ಎನ್ನುತ್ತದೆ. ಹಳೇ ಟಿಬೆಟ್ ಸ್ವರ್ಗ ಆಗಿರಲಿಲ್ಲ ಎಂಬುದು ನಿಜವೇ. ಮಠಗಳ ಕೈಯಲ್ಲಿ, ಶ್ರೀಮಂತ ಮನೆತನಗಳ ಕೈಯಲ್ಲಿ ಜಮೀನಿತ್ತು. ರೈತ ಬಿಟ್ಟಿ ದುಡಿಯುತ್ತಿದ್ದ. ಆದರೆ ಒಳಗೆ ಅನ್ಯಾಯ ಇದೆ ಎಂಬುದು ಹೊರಗಿನವರು ಬಂದು ಕೂರಲು ಕಾರಣ ಆಗುವುದಾದರೆ 1831ರಲ್ಲಿ ಬ್ರಿಟಿಷರು ಹೇಳಿದ್ದೂ ಸರಿ ಎನ್ನಬೇಕಾಗುತ್ತದೆ. ನಗರ ಸೀಮೆಯಲ್ಲಿ ರೈತರು ದಂಗೆ ಎದ್ದಿದ್ದಾರೆ, ದೊರೆಗೆ ಆಡಳಿತ ಬರುವುದಿಲ್ಲ, ಆದ್ದರಿಂದ ನಾವೇ ಆಳುತ್ತೇವೆ ಎಂದೇ ಅವರು ಹೇಳಿದ್ದು.

ಇಬ್ಬರ ವಿಷಯದಲ್ಲೂ ಬ್ರಿಟಿಷರು ಬಳಸಿದ ಪದ ಒಂದೇ: ಸುಜರೆಂಟಿ. ಅಧಿಪತ್ಯ ಅನ್ನಬಹುದು. ಪೂರ್ತಿ ಒಡೆತನ ಅಲ್ಲ, ಪೂರ್ತಿ ಸ್ವಾತಂತ್ರ್ಯವೂ ಅಲ್ಲ, ನಡುವಿನ ಮಸುಕು. ಟಿಬೆಟ್ ಮೇಲೆ ಚೀನಾಕ್ಕೆ ಅಧಿಪತ್ಯ ಇದೆ, ಒಡೆತನ ಇಲ್ಲ ಎಂದು ಬ್ರಿಟನ್ ದಶಕಗಳ ಕಾಲ ಹೇಳಿಕೊಂಡು ಬಂತು. 2008ರ ಅಕ್ಟೋಬರ್‌ನಲ್ಲಿ ಅದನ್ನೂ ಕೈಬಿಟ್ಟಿತು. ನಮ್ಮ ಕಡೆ ಆ ಪದದ ಆಯಸ್ಸು ಮುಗಿದದ್ದು 1947ರಲ್ಲಿ. ಇಂಡಿಯಾ ಸ್ವಾತಂತ್ರ್ಯ ಕಾಯ್ದೆಯಲ್ಲಿ, ಸಂಸ್ಥಾನಗಳ ಮೇಲಿನ ಅಧಿಪತ್ಯ ಇನ್ನಿಲ್ಲ ಎಂದು ಬರೆದರು. ಜಯಚಾಮರಾಜ ಒಡೆಯರು ಆಗಸ್ಟ್ 9ರಂದು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರು ದಿಲ್ಲಿಗೆ ಹೋದವು. ಉಳಿದದ್ದು ಅರಮನೆಗೆ.

ನಾಲ್ಕು ವರ್ಷದ ಮೇಲೆ, 1951ರ ಮೇ 23ರಂದು, ಬೀಜಿಂಗ್‌ನಲ್ಲಿ ಟಿಬೆಟಿನ ಪ್ರತಿನಿಧಿಗಳು 17 ಅಂಶಗಳ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲೂ ರಕ್ಷಣೆ ಮತ್ತು ವಿದೇಶ ವ್ಯವಹಾರ ಬೀಜಿಂಗ್‌ಗೆ. ಒಳಗಿನ ಆಡಳಿತ, ದಲೈಲಾಮಾ ಸ್ಥಾನ ಎಲ್ಲ ಇದ್ದಂತೆ ಇರುತ್ತದೆ ಎಂಬ ಮಾತು. ಕಾಗದ ಮಾತ್ರ ನೋಡಿದರೆ ಎರಡೂ ಅಣ್ಣತಮ್ಮಂದಿರು. ಮತ್ತೆ ಯಾಕೆ ನಾವು ಒಂದನ್ನು ಸೇರ್ಪಡೆ ಎನ್ನುತ್ತೇವೆ, ಇನ್ನೊಂದನ್ನು ಆಕ್ರಮಣ ಎನ್ನುತ್ತೇವೆ? ನಮ್ಮದು ನಮಗೆ ಹೆಚ್ಚು ಅಂತಲೇ? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳದೆ ಬೈಲಕುಪ್ಪೆಯ ಬಗ್ಗೆ ಮಾತಾಡುವುದು ಸುಮ್ನೆ.

ಒಂದು ವ್ಯತ್ಯಾಸ ಕಾಗದದ ಹಿಂದೆ ಇದೆ. ಅಲ್ಲಿ ಸೈನ್ಯ ಆಗಲೇ ಒಳಗೆ ಬಂದಾಗಿತ್ತು. ಬಲವಂತದಿಂದ ಸಹಿ ಹಾಕಿಸಿದರು ಎಂದು 1959ರಲ್ಲಿ ದಲೈಲಾಮಾ ಆ ಒಪ್ಪಂದವನ್ನೇ ತಳ್ಳಿಹಾಕಿದರು. ಇನ್ನೊಂದು ವ್ಯತ್ಯಾಸಕ್ಕೆ ಮೈಸೂರಿನ ರಾಮಸ್ವಾಮಿ ಸರ್ಕಲ್‌ಗೆ ಹೋಗಬೇಕು. ದಿನಾ ಅಲ್ಲಿ ಸಿಗ್ನಲ್‌ಗೆ ಕಾಯುವವರಲ್ಲಿ ಎಷ್ಟು ಜನಕ್ಕೆ ಈ ರಾಮಸ್ವಾಮಿ ಯಾರೆಂದು ಗೊತ್ತೋ ಕಾಣೆ. ಅವನು ವಿದ್ಯಾರ್ಥಿ. 1947ರ ಸೆಪ್ಟೆಂಬರ್‌ನಲ್ಲಿ ಗುಂಡೇಟಿಗೆ ಸತ್ತವನು. ಸೆಪ್ಟೆಂಬರ್! ಕೆಂಪುಕೋಟೆಯಲ್ಲಿ ಬಾವುಟ ಹಾರಿ ತಿಂಗಳಾಗುತ್ತಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಮೇಲೂ ಮೈಸೂರಿನವರು ಬೀದಿಗೆ ಇಳಿದಿದ್ದರು, ಯಾಕೆಂದರೆ ಮಹಾರಾಜರು ಸಹಿ ಹಾಕಿದ್ದು ತಮ್ಮ ಪರವಾಗಿ. ಜನರ ಸರ್ಕಾರ ಎಲ್ಲಿ ಎಂದು ಕೇಳಿದ್ದೇ ಮೈಸೂರು ಚಲೋ ಚಳವಳಿ. ಅಕ್ಟೋಬರ್‌ನಲ್ಲಿ ಅರಮನೆ ಬಗ್ಗಿತು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆಮೇಲೆ ಸಂವಿಧಾನ, ಆಮೇಲೆ 1952ರ ಚುನಾವಣೆ. ಸಹಿ ದೊರೆಯದ್ದಾದರೂ ಅದರ ಮೇಲೆ ಜನ ತಮ್ಮ ಬೆರಳು ಒತ್ತಿದರು. ಟಿಬೆಟಿನಲ್ಲಿ 1951ರ ಕಾಗದದ ಮೇಲೆ ಜನರನ್ನು ಯಾರೂ ಯಾವತ್ತೂ ಕೇಳಲಿಲ್ಲ. ಮೊದಲು ಲಾಸಾದವರೂ ಕೇಳಿರಲಿಲ್ಲ ಬಿಡಿ.

ಟಿಬೆಟಿನವರು ಮತ ಹಾಕಲು ಕಲಿತದ್ದು ಇಲ್ಲಿಗೆ ಬಂದಮೇಲೆ. 1959ರ ಮಾರ್ಚ್ ಕೊನೆಗೆ ದಲೈಲಾಮಾ ಗಡಿ ದಾಟಿದರು. ಹಿಂದೆಯೇ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕೊಟ್ಟಿತು. 1960ರ ದಶಕದ ಮೊದಲಲ್ಲಿ ಬಂದವರಿಗೆ ಸಿಕ್ಕಿದ್ದು ಕಾಡು, ಆನೆ, ಡೇರೆ. ಚಳಿಯ ದೇಶದವರು ಬಿಸಿಲಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಹಳ್ಳಿಗಳಿಗೆ ಈಗಲೂ ಹೆಸರು ಕ್ಯಾಂಪ್ ಅಂತಲೇ. ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. 60 ವರ್ಷ ದಾಟಿದರೂ ಕ್ಯಾಂಪು ಊರಾಗಿಲ್ಲ. ಆ ಪದದಲ್ಲೇ ಎಲ್ಲ ಇದೆ.

ಹಿಮಾಚಲದ ಧರ್ಮಶಾಲಾದಲ್ಲಿ ಅವರ ಆಡಳಿತ ಇದೆ, 45 ಜನರ ಸಂಸತ್ತು ಇದೆ. ಐದು ವರ್ಷಕ್ಕೊಮ್ಮೆ ಬೈಲಕುಪ್ಪೆಯಲ್ಲೂ ಸಾಲಲ್ಲಿ ನಿಂತು ಮತ ಹಾಕುತ್ತಾರೆ. 2011ರಲ್ಲಿ ದಲೈಲಾಮಾ ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟರು. ಈಗ ಚುನಾಯಿತ ನಾಯಕನೇ ಮುಖ್ಯ, ಆ ಹುದ್ದೆಗೆ ಸಿಕ್ಯೋಂಗ್ ಎನ್ನುತ್ತಾರೆ. ತೆರಿಗೆ ಕೂಡ ಇದೆ. ಗ್ರೀನ್ ಬುಕ್ ಎಂಬ ಹಸಿರು ಪುಸ್ತಕದಲ್ಲಿ ವರ್ಷ ವರ್ಷ ಕಟ್ಟಿದ್ದು ನಮೂದಾಗುತ್ತದೆ. ಕಟ್ಟದಿದ್ದರೆ ಪೊಲೀಸ್ ಬರುವುದಿಲ್ಲ, ಯಾಕೆಂದರೆ ಅವರಿಗೆ ಪೊಲೀಸ್ ಇಲ್ಲ. ಆದರೂ ಕಟ್ಟುತ್ತಾರೆ. ಬಲವಂತ ಇಲ್ಲದೆ ತೆರಿಗೆ ಕಟ್ಟುವ ಜನ ಇರುವ ಕಡೆ ರಾಷ್ಟ್ರ ಇಲ್ಲ ಎಂದು ಹೇಗೆ ಹೇಳುವುದು?

ದೇಶ ಅನ್ನಿಸಿಕೊಳ್ಳಲು ನಾಲ್ಕು ಬೇಕು ಎನ್ನುತ್ತದೆ 1933ರ ಮಾಂಟೆವಿಡಿಯೊ ಒಪ್ಪಂದ. ಜನ, ನೆಲ, ಸರ್ಕಾರ, ಹೊರಗಿನವರ ಜೊತೆ ವ್ಯವಹರಿಸುವ ಶಕ್ತಿ. ಕಾನೂನು ಓದುವ ಹುಡುಗರು ಇದನ್ನು ಉರು ಹೊಡೆಯುತ್ತಾರೆ. ಪ್ರಪಂಚ ಹಾಗೆ ನಡೆಯುವುದಿಲ್ಲ. ತೈವಾನ್ ಹತ್ತಿರ ನಾಲ್ಕೂ ಇದೆ. ಅದನ್ನು ದೇಶ ಎನ್ನುವವರು ಬೆರಳೆಣಿಕೆಯಷ್ಟು. ಪ್ಯಾಲೆಸ್ಟೀನನ್ನು 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಒಪ್ಪಿಕೊಂಡವು. ನಾವು 1988ರಲ್ಲೇ ಒಪ್ಪಿದ್ದೆವು. ಒಪ್ಪಿದವರ ಸಂಖ್ಯೆ 150 ದಾಟಿತು, ನೆಲ ಮಾತ್ರ ಕೈಗೆ ಬಂದಿಲ್ಲ. ಮನ್ನಣೆ ಒಂದು ಕಡೆ, ಹಿಡಿತ ಇನ್ನೊಂದು ಕಡೆ. ಬೈಲಕುಪ್ಪೆಯವರಿಗೆ ಎರಡೂ ಇಲ್ಲ. ಅವರ ಹತ್ತಿರ ಇರುವುದು ತಾವು ಯಾರು ಎಂಬ ಗಟ್ಟಿ ಅರಿವು, ಮತ್ತು ನಾವು ಕೊಟ್ಟಿರುವ ಒಂದು ಕಾಗದ.

ಆ ಕಾಗದದ ವಿಷಯ ಸ್ವಲ್ಪ ನಿಂತು ನೋಡಬೇಕು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ನಮ್ಮ ಕಾನೂನಿನ ಪ್ರಕಾರ ಟಿಬೆಟಿನವರು ನಿರಾಶ್ರಿತರಲ್ಲ, ವಿದೇಶಿಯರು. ಅವರಿಗೆ ಕೊಡುವುದು ನೋಂದಣಿ ಪತ್ರ. ಎಲ್ಲರ ಬಾಯಲ್ಲಿ ಆರ್‌ಸಿ. ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಹಳದಿ ಬಣ್ಣದ ಐಸಿ, ಅಂದರೆ ಗುರುತಿನ ಪತ್ರ. ಆ ಹಳದಿ ಪುಸ್ತಕ ನೋಡಿ ತಲೆ ಕೆರೆದುಕೊಳ್ಳುವ ಇಮಿಗ್ರೇಷನ್ ಅಧಿಕಾರಿಗಳ ಕಥೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಜಮೀನು ಅವರ ಹೆಸರಿಗೆ ಆಗುವುದಿಲ್ಲ, ಗೇಣಿಯ ಮೇಲೆ ಇರುವುದು.

ಇನ್ನು ಪೌರತ್ವ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾರೇ ಆಗಿರಲಿ, ಭಾರತೀಯರು ಎನ್ನುತ್ತದೆ ನಮ್ಮ ಕಾಯ್ದೆ. ಟಿಬೆಟಿನವರಿಗೂ ಇದು ಅನ್ವಯ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2014ರಲ್ಲಿ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ ಹೇಳಿತು. 1987ರ ಜುಲೈ 1ರ ನಂತರ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು.

ಇದು ಮನೆಯೊಳಗೆ ಹೇಗೆ ಕಾಣುತ್ತದೆ ಎಂಬುದನ್ನು ನನಗೆ ಅರ್ಥ ಮಾಡಿಸಿದ್ದು ಬೈಲಕುಪ್ಪೆಯ ಒಂದು ಅಂಗಡಿಯವನು. ಟೋಪಿ ಕೊಳ್ಳಲು ಹೋಗಿದ್ದೆ. ನಮ್ಮ ಪಿರಿಯಾಪಟ್ಟಣದ ಕನ್ನಡವೇ ಅವನ ಬಾಯಲ್ಲೂ. ಮಾತಿಗೆ ಮಾತು ಬಂದು ಪಾಸ್‌ಪೋರ್ಟಿನ ವಿಷಯ ಬಂತು. "ನಮ್ಮಕ್ಕ ಇಂಡಿಯನ್, ನಾನು ಫಾರಿನರ್ ಸಾರ್" ಎಂದು ನಕ್ಕ. ಅಕ್ಕ ಹುಟ್ಟಿದ್ದು 1986ರಲ್ಲಿ, ಇವನು 1988ರಲ್ಲಿ. ಅಪ್ಪ ಅಮ್ಮ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿ ನಡೆದುಕೊಂಡು ಬಂದವರು. ಒಂದೇ ಮನೆ, ಒಂದೇ ತಟ್ಟೆ, ಎರಡು ದೇಶ. ಅಕ್ಕ ಪಾಸ್‌ಪೋರ್ಟ್ ಮಾಡಿಸಿದ್ದಾರಾ ಎಂದು ಕೇಳಿದೆ. ಇಲ್ಲವಂತೆ. 2017ರಲ್ಲಿ ಸರ್ಕಾರ ಷರತ್ತು ಹಾಕಿತ್ತು. ಪಾಸ್‌ಪೋರ್ಟ್ ಬೇಕಾದರೆ ಆರ್‌ಸಿ, ಐಸಿ ವಾಪಸ್ ಕೊಡಬೇಕು, ಟಿಬೆಟಿನವರ ವಸತಿ ಬಿಡಬೇಕು. "ಅಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ತಾಳೆ ಸಾರ್?"

ಷರತ್ತು ಮಾತ್ರ ಕಾರಣ ಅಲ್ಲ. ಅವರೊಳಗೇ ಜಗಳ ಇದೆ. ಭಾರತದ ಪೌರತ್ವ ತೆಗೆದುಕೊಂಡರೆ ಟಿಬೆಟ್ ಬಿಟ್ಟುಕೊಟ್ಟಂತೆ ಎನ್ನುವ ಹಿರಿಯರಿದ್ದಾರೆ. ಕಾಗದ ಬೇರೆ, ಮನಸ್ಸು ಬೇರೆ, ಮಕ್ಕಳು ಎಷ್ಟು ದಿನ ಹೀಗೆ ಇರುವುದು ಎನ್ನುವ ಕಿರಿಯರಿದ್ದಾರೆ. ಪೂರ್ತಿ ಸ್ವಾತಂತ್ರ್ಯ ಬೇಕೇ, ಚೀನಾದೊಳಗೇ ನಿಜವಾದ ಸ್ವಾಯತ್ತತೆ ಸಾಕೇ ಎಂಬುದು ಇನ್ನೊಂದು ಜಗಳ. ದಲೈಲಾಮಾ ಕೇಳುತ್ತಿರುವುದು ಎರಡನೆಯದನ್ನು. 2002ರಿಂದ 2010ರವರೆಗೆ ಒಂಬತ್ತು ಸುತ್ತು ಮಾತುಕತೆ ಆಯಿತು, ಏನೂ ಸಿಗಲಿಲ್ಲ. ಈ ನಡುವೆ ಕ್ಯಾಂಪುಗಳು ಖಾಲಿಯಾಗುತ್ತಿವೆ. 2008ರ ಮೊದಲು ವರ್ಷಕ್ಕೆ ಎರಡು ಮೂರು ಸಾವಿರ ಜನ ಟಿಬೆಟಿನಿಂದ ತಪ್ಪಿಸಿಕೊಂಡು ಬರುತ್ತಿದ್ದರು. ಈಗ ಬರುವವರು ಹೆಚ್ಚುಕಡಿಮೆ ಇಲ್ಲ. ಇರುವವರಲ್ಲಿ ಆಗುವವರು ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ಚಳಿಗಾಲದಲ್ಲಿ ಮೈಸೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುವ ಟಿಬೆಟಿನವರಲ್ಲಿ ವಯಸ್ಸಾದವರೇ ಜಾಸ್ತಿ.

ನಮ್ಮ ದೇಶ ಇದರಲ್ಲಿ ಎಲ್ಲಿ ನಿಂತಿದೆ? ಎರಡು ಕಾಲು ಎರಡು ಕಡೆ. 1954ರ ಒಪ್ಪಂದದಲ್ಲಿ ನಾವು ‘ಚೀನಾದ ಟಿಬೆಟ್ ಪ್ರದೇಶ’ ಎಂದು ಬರೆದೆವು. 2003ರಲ್ಲಿ ವಾಜಪೇಯಿ ಅವರು ಬೀಜಿಂಗ್‌ಗೆ ಹೋದಾಗ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಎಂದು ಒಪ್ಪಿಕೊಂಡೆವು. ಇತ್ತ ದಲೈಲಾಮಾಗೆ ಆಶ್ರಯ, ರಕ್ಷಣೆ, ಗೌರವ ಎಲ್ಲ ಕೊಟ್ಟಿದ್ದೇವೆ. 2025ರ ಜುಲೈನಲ್ಲೂ ಹಾಗೇ ಆಯಿತು. ಉತ್ತರಾಧಿಕಾರಿಯನ್ನು ನಿರ್ಧರಿಸುವುದು ದಲೈಲಾಮಾ ಮತ್ತು ಅವರ ಸಂಪ್ರದಾಯಕ್ಕೆ ಸೇರಿದ್ದು ಎಂದು ಕೇಂದ್ರ ಸಚಿವ ಕಿರಣ್ ರಿಜಿಜು ಹೇಳಿದರು. ಚೀನಾ ಗುರ್ ಎಂದಿತು. ಮರುದಿನ ವಿದೇಶಾಂಗ ಇಲಾಖೆ, ನಂಬಿಕೆಯ ವಿಷಯಗಳಲ್ಲಿ ಸರ್ಕಾರ ಯಾವ ನಿಲುವನ್ನೂ ತೆಗೆದುಕೊಳ್ಳುವುದಿಲ್ಲ ಎಂದಿತು. ಎರಡು ದಿನಕ್ಕೆ ಪ್ರಧಾನಿ ಹುಟ್ಟುಹಬ್ಬದ ಶುಭಾಶಯ ಕೋರಿದರು.

ಇದನ್ನು ಹೇಡಿತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 2020ರಲ್ಲಿ ಚೀನಾ ಸೈನ್ಯದ ಜೊತೆ ಗಲ್ವಾನ್ ಘರ್ಷಣೆ ಆಯಿತು. 2024ರ ಅಕ್ಟೋಬರ್‌ನಲ್ಲಿ ಗಡಿ ಗಸ್ತಿನ ಬಗ್ಗೆ ಒಪ್ಪಂದ ಆಗಿ, 2025ರಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆ ಮತ್ತೆ ಶುರುವಾಯಿತು. ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿದ ವಾರದಲ್ಲೇ ಪ್ರಧಾನಿ ಚೀನಾದ ಟಿಯಾಂಜಿನ್‌ಗೆ ಹೋದರು. ಯಾರ್ಲುಂಗ್ ಸಾಂಗ್ಪೊ, ಅಂದರೆ ನಮ್ಮ ಬ್ರಹ್ಮಪುತ್ರದ ಮೇಲ್ಭಾಗ, ಅಲ್ಲಿ ಚೀನಾ ಭಾರಿ ಅಣೆಕಟ್ಟಿನ ಕೆಲಸ ಶುರುಮಾಡಿದೆ. ಕಾವೇರಿಯಲ್ಲಿ ಮೇಲೆ ಕೂತ ನಮಗೆ, ನದಿಯ ಕೆಳಗೆ ಕೂತವರ ಭಯ ಏನೆಂದು ಆ ಕಡೆಯಿಂದ ಗೊತ್ತಾಗುತ್ತಿದೆ. ಇಷ್ಟು ಕಡೆ ಕೈ ಸಿಕ್ಕಿಹಾಕಿಕೊಂಡಿರುವ ದೇಶ ಕೂಗಾಡುವುದಿಲ್ಲ. ಆದರೆ ನಿಲುವು ಇಲ್ಲ ಎನ್ನುವುದು ದಲೈಲಾಮಾ ಬದುಕಿರುವವರೆಗೆ ಮಾತ್ರ ಸಾಧ್ಯ. ಅದರಾಚೆಗೆ ಆ ಮಾತು ನಡೆಯುವುದಿಲ್ಲ.

ಯಾಕೆ ಅಂತ ನೋಡಿ. ಹಿಂದಿನ ದಲೈಲಾಮಾ 1933ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಈಗಿನವರು ಪೂರ್ತಿ ಅಧಿಕಾರ ವಹಿಸಿಕೊಂಡದ್ದು 1950ರ ನವೆಂಬರ್‌ನಲ್ಲಿ, 15ನೇ ವಯಸ್ಸಿಗೆ. ನಡುವೆ 17 ವರ್ಷ. ಆ ಹುಡುಗ ಸಿಕ್ಕಿದ್ದು ಲಾಸಾದ ಹಿಡಿತದಲ್ಲಿ ಇಲ್ಲದ ಸೀಮೆಯಲ್ಲಿ. ಅಲ್ಲಿನ ಪಾಳೇಗಾರ ಮಾ ಬುಫಾಂಗ್ ದೊಡ್ಡ ಮೊತ್ತ ತೆಗೆದುಕೊಂಡೇ ಅವನನ್ನು ಲಾಸಾಗೆ ಬಿಟ್ಟ. ಮಗು ಯಾರ ನೆಲದಲ್ಲಿ ಹುಟ್ಟಿದೆ ಎಂಬುದು ಆಗಲೇ ಬೆಲೆಯ ಪ್ರಶ್ನೆ. ಈಗಿನ ದಲೈಲಾಮಾ ಅದನ್ನು ಸ್ವತಃ ಅನುಭವಿಸಿದವರು. ಪಂಚೆನ್ ಲಾಮಾಗೆ ಏನಾಯಿತೆಂದೂ ನೋಡಿದವರು. ಅದಕ್ಕೇ ತಮ್ಮ ನಂತರದವರು ಚೀನಾದ ಹಿಡಿತದ ಹೊರಗೆ ಹುಟ್ಟುತ್ತಾರೆ ಎಂದು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ.

ಬೀಜಿಂಗ್ ತನ್ನ ಕಲಶದಿಂದ ಒಬ್ಬ ಹುಡುಗನನ್ನು ಎತ್ತುವುದು ಖಂಡಿತ. ಟ್ರಸ್ಟ್ ಇನ್ನೊಂದು ಮಗುವನ್ನು ಗುರುತಿಸುತ್ತದೆ. ಆಮೇಲೆ ಪ್ರತಿಯೊಂದು ದೇಶವೂ ಯಾರಿಗೆ ವೀಸಾ ಕೊಡಬೇಕು, ಯಾರಿಗೆ ಆ ಹೆಸರಿನಿಂದ ಪತ್ರ ಬರೆಯಬೇಕು ಎಂದು ನಿರ್ಧರಿಸಬೇಕು. ಉತ್ತರಾಧಿಕಾರ ಟಿಬೆಟಿನ ಬೌದ್ಧರಿಗೆ ಬಿಟ್ಟದ್ದು, ಅಡ್ಡ ಬರುವ ಚೀನಾದ ಅಧಿಕಾರಿಗಳ ಮೇಲೆ ನಿರ್ಬಂಧ ಹಾಕುತ್ತೇವೆ ಎಂದು ಅಮೆರಿಕ 2020ರಲ್ಲೇ ಕಾನೂನು ಮಾಡಿಕೊಂಡಿದೆ. ನಮಗೆ ಅಂಥ ಕಾನೂನಿಲ್ಲ. ಇರುವುದು ಮಗು. ಲಡಾಖ್, ತವಾಂಗ್, ಧರ್ಮಶಾಲಾ, ಬೈಲಕುಪ್ಪೆ, ಎಲ್ಲೇ ಹುಟ್ಟಿದರೂ ಅದು ಬೆಳೆಯುವುದು ಹೆಚ್ಚಾಗಿ ನಮ್ಮ ನೆಲದಲ್ಲೇ. 1865ರಲ್ಲಿ ಮೈಸೂರಿನ ಹುಡುಗನನ್ನು ಒಪ್ಪಬೇಕೇ ಬೇಡವೇ ಎಂದು ಲಂಡನ್ ಎರಡು ವರ್ಷ ಯೋಚಿಸಿತು. ಅದೇ ಕುರ್ಚಿಯಲ್ಲಿ ಈಗ ದಿಲ್ಲಿ ಕೂತಿರುತ್ತದೆ.

ಬೈಲಕುಪ್ಪೆ ಮೈಸೂರು ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. 2024ರಲ್ಲಿ ಗೆದ್ದವರು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್. ಅವರೂ ದತ್ತು ಬಂದವರು, 2015ರಲ್ಲಿ. ಈ ಸಲ ಲಂಡನ್‌ನ ಒಪ್ಪಿಗೆ ಬೇಕಾಗಿರಲಿಲ್ಲ.

ನಾಳೆ ಆ ಮಗು ಬೈಲಕುಪ್ಪೆಯಲ್ಲೇ ಹುಟ್ಟಿತು ಎಂದುಕೊಳ್ಳೋಣ. ಪಿರಿಯಾಪಟ್ಟಣ ತಾಲ್ಲೂಕಿನ ರಿಜಿಸ್ಟರ್‌ನಲ್ಲಿ ಹೆಸರು ದಾಖಲಾಗುತ್ತದೆ. ಜನನ ಪತ್ರ ಕನ್ನಡದಲ್ಲಿ ಬರುತ್ತದೆ. ತಾಯಿ ಆ ಅಂಗಡಿಯವನ ಅಕ್ಕನ ಹಾಗೆ 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದವಳಾಗಿದ್ದರೆ, ತಂದೆಯ ಆರ್‌ಸಿ ಸರಿಯಾಗಿದ್ದರೆ, 15ನೇ ದಲೈಲಾಮಾ ಹುಟ್ಟಿನಿಂದ ಭಾರತದ ಪ್ರಜೆ. ತಂದೆ ತಾಯಿ ಇಬ್ಬರೂ ಆ ತಮ್ಮನ ಹಾಗೆ ಆಮೇಲೆ ಹುಟ್ಟಿ ಇನ್ನೂ ಆರ್‌ಸಿಯಲ್ಲೇ ಇರುವವರಾಗಿದ್ದರೆ ಅವನು ವಿದೇಶಿ. ಕಾಲಕಾಲಕ್ಕೆ ಹೋಗಿ ಆರ್‌ಸಿ ನವೀಕರಿಸಿಕೊಳ್ಳಬೇಕು.